ವಾಪಸಿನ ಮೇಜು

ನಮ್ಮ ಮನೆಯಲ್ಲಿ ಕೊಂಡು ಇಟ್ಟುಕೊಂಡ ಬಟ್ಟೆಗಳಿಗಿಂತ ಕೊಂಡು ಹಿಂದಕ್ಕೆ ಕಳಿಸಿದ ಬಟ್ಟೆಗಳೇ ಹೆಚ್ಚು. ಇದನ್ನು ದೂರು ಎಂದು ಹೇಳುತ್ತಿಲ್ಲ. ಹಿಂದಕ್ಕೆ ಕಳಿಸುವ ವಿಭಾಗ ನನ್ನದೇ ಆದ್ದರಿಂದ ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ.

ವಿಭಾಗ ಎಂದರೆ ಒಂದು ಮೇಜು. ಬಹ್ರೇನ್‌ನ ಜಿಂಜ್ ಬಡಾವಣೆಯ ನಮ್ಮ ಫ್ಲ್ಯಾಟಿನ ಮುಂಬಾಗಿಲ ಪಕ್ಕದಲ್ಲಿ, ಚಪ್ಪಲಿ ಸ್ಟ್ಯಾಂಡಿಗೂ ಕುಡಿಯುವ ನೀರಿನ ಕ್ಯಾನುಗಳಿಗೂ ನಡುವೆ ಅದರ ಜಾಗ. ಮೇಲೆ ಎಡದಿಂದ ಬಲಕ್ಕೆ ಕತ್ತರಿ, ಅಗಲದ ಟೇಪು, ದಪ್ಪ ಮೊನೆಯ ಪೆನ್ನು, ಅಡಿಕೋಲು, ಕೊನೆಗೆ ಒಂದು ನೋಟ್‌ಬುಕ್ಕು. ಈ ಕ್ರಮ ಬದಲಾಗಕೂಡದು. ಒಮ್ಮೆ ಮಗ ಕತ್ತರಿಯನ್ನು ಬಲಗಡೆ ಇಟ್ಟುಬಿಟ್ಟಿದ್ದ. ಅವನಿಗೆ ನಲವತ್ತು ದಾಟಿದೆ ಎಂಬುದನ್ನು ಮರೆತು ಬೈದಿದ್ದೆ.

ನಾನು ನರ್ಸ್ ಆಗಿದ್ದವಳು. ಕಲಿತದ್ದು ಮಂಗಳೂರಿನಲ್ಲಿ, ಸನ್ಯಾಸಿನಿಯರು ನಡೆಸುತ್ತಿದ್ದ ಆಸ್ಪತ್ರೆಯೊಂದರಲ್ಲಿ. ದುಡಿದದ್ದು ಹೆಚ್ಚಾಗಿ ಇಲ್ಲೇ, ಬಹ್ರೇನ್‌ನಲ್ಲಿ. ಕೊನೆಯ ಹದಿನೆಂಟು ವರ್ಷ ಆಪರೇಷನ್ ಥಿಯೇಟರಿಗೆ ಬೇಕಾದ ಕತ್ತರಿ, ಚಿಮಟ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡಿ ಕಟ್ಟಿಕೊಡುವ ವಿಭಾಗ ನನ್ನ ಕೈಯಲ್ಲಿತ್ತು. ಆ ಕಟ್ಟು ಕಟ್ಟುವುದಕ್ಕೆ ಒಂದು ವಿಧಾನವಿದೆ. ಹತ್ತಿರದ ಮೂಲೆ ಮೊದಲು, ಆಮೇಲೆ ಎಡ, ಆಮೇಲೆ ಬಲ, ದೂರದ ಮೂಲೆ ಕೊನೆಗೆ. ಪ್ರತಿ ಮೂಲೆಯ ತುದಿಯನ್ನೂ ಒಂದು ಬೆರಳಗಲ ಹಿಂದಕ್ಕೆ ಮಡಿಚಿಡಬೇಕು, ಬಿಚ್ಚುವವರು ಅಲ್ಲಿ ಹಿಡಿದರೆ ಸಾಕು, ಒಳಗಿನದನ್ನು ಮುಟ್ಟಬೇಕಾಗಿಲ್ಲ. ನಮಗೆ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು, ನೀನು ಕಟ್ಟಿದ್ದನ್ನು ಬಿಚ್ಚುವವಳಿಗೆ ಅದರಲ್ಲಿ ನಿನ್ನ ಕೈ ಕಾಣಬಾರದು ಎಂದು. ಹದಿನೆಂಟು ವರ್ಷದಲ್ಲಿ ನಾನು ಕಟ್ಟಿದ ಒಂದು ಪೊಟ್ಟಣವೂ ಥಿಯೇಟರಿನಿಂದ ಹಿಂದಕ್ಕೆ ಬಂದಿರಲಿಲ್ಲ.

ನಿವೃತ್ತಳಾದಾಗ ಗಂಡ ತೀರಿಹೋಗಿ ಒಂದು ವರ್ಷವಾಗಿತ್ತು. ಹೂರಾ ಬಡಾವಣೆಯ ಹಳೆಯ ಫ್ಲ್ಯಾಟು ಬಿಟ್ಟು ಮಗನ ಮನೆಗೆ ಬಂದೆ. ಮಗ ಆರೂವರೆಗೆ ಹೊರಡುತ್ತಾನೆ, ಮೊಮ್ಮಗಳ ಸ್ಕೂಲ್ ಬಸ್ಸು ಆರೂ ಮುಕ್ಕಾಲಿಗೆ, ಸೊಸೆ ಏಳಕ್ಕೆ. ಏಳೂ ಐದಕ್ಕೆ ಮನೆಯಲ್ಲಿ ನಾನು ಮತ್ತು ಎಸಿಯ ಸದ್ದು. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಆರಾಮಾಗಿರಿ ಎಂದರು ಎಲ್ಲರೂ. ಆರಾಮ ಎನ್ನುವುದು ನನ್ನ ಪಾಲಿಗೆ ರೋಗಿಗಳಿಗೆ ಬರೆದುಕೊಡುವ ಔಷಧಿ. ಅಡುಗೆ ಮಾಡೋಣವೆಂದರೆ, ನನ್ನ ಅಡುಗೆ ವಾರ್ಡಿನ ಊಟದ ಹಾಗಿರುತ್ತದೆ ಎಂದು ಗಂಡ ಬದುಕಿದ್ದಾಗಲೇ ಹೇಳುತ್ತಿದ್ದರು. ಸೊಸೆ ಹಾಗೆ ಹೇಳಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ನೋಡಿ, ಬಹಳ ಮರ್ಯಾದೆಯಿಂದ ಮುಚ್ಚಿದಳು.

ಬಂದ ಎರಡನೆಯ ತಿಂಗಳು ಬಾಗಿಲ ಹಿಂದೆ ಗುಡಿಸುವಾಗ ಮೂರು ಪೊಟ್ಟಣ ಸಿಕ್ಕವು. ಧೂಳು ಹಿಡಿದಿದ್ದವು. ಸಂಜೆ ಸೊಸೆಯನ್ನು ಕೇಳಿದೆ.

"ಇದೆಂತದು ಮಗಾ?"

"ಅಯ್ಯೋ, ಅದು ರಿಟರ್ನ್ ಮಾಡ್ಬೇಕಿತ್ತು ಅತ್ತೆ. ಟೈಮೇ ಆಗ್ಲಿಲ್ಲ, ಡೇಟ್ ಮುಗಿದೋಯ್ತು."

ಸೊಸೆ ಬೆಂಗಳೂರಿನವಳು. ಲೆಕ್ಕ ಪರಿಶೋಧನೆಯ ಆಫೀಸಿನಲ್ಲಿ ಕೆಲಸ. ಬುದ್ಧಿವಂತೆ, ಆದರೆ ಅಂಗಡಿಗೆ ಹೋಗಿ ಬಟ್ಟೆ ಆರಿಸುವ ತಾಳ್ಮೆ ಅವಳಿಗಿಲ್ಲ. ಫೋನಿನಲ್ಲೇ ಮೂರು ಅಳತೆಯದು ತರಿಸುತ್ತಾಳೆ, ಹಾಕಿ ನೋಡುತ್ತಾಳೆ, ಒಂದನ್ನು ಇಟ್ಟುಕೊಂಡು ಎರಡನ್ನು ಹಿಂದಕ್ಕೆ ಕಳಿಸಬೇಕು ಅಂದುಕೊಳ್ಳುತ್ತಾಳೆ. ಆ ಅಂದುಕೊಳ್ಳುವುದಕ್ಕೂ ಕಳಿಸುವುದಕ್ಕೂ ನಡುವೆ ಬಾಗಿಲ ಹಿಂದಿನ ಧೂಳು.

"ನನಗೆ ಕೊಡು," ಎಂದೆ.

ಹಾಗೆ ಶುರುವಾಯಿತು ಮೇಜು. ಪೊಟ್ಟಣ ಬಂದ ದಿನವೇ ನೋಟ್‌ಬುಕ್ಕಿನಲ್ಲಿ ಅದರ ತಾರೀಕು, ಹಿಂದಕ್ಕೆ ಕಳಿಸಲು ಕೊನೆಯ ತಾರೀಕು. ಬಿಚ್ಚುವಾಗ ಯಾವ ಮಡಿಕೆ ಮೊದಲು ಬಿಚ್ಚಿತು, ಕಾಗದ ಯಾವ ಕಡೆಗಿತ್ತು, ಗುಂಡಿ ಹಾಕಿತ್ತೋ ಇಲ್ಲವೋ ಎಲ್ಲವನ್ನೂ ಗಮನಿಸುತ್ತೇನೆ. ಕಟ್ಟುವಾಗ ಅದೇ ಕ್ರಮ, ತಿರುಗಾಮುರುಗಾ. ಅಂಗಿ, ಬೂಟು, ಕೈಚೀಲ, ಮಂಚಕ್ಕೆ ದೊಡ್ಡದಾದ ಹೊದಿಕೆ, ಒಮ್ಮೆ ಉರುಟಾಗಿ ಸುತ್ತಿಕೊಂಡು ಬಂದು ಬಿಚ್ಚಿದ ಮೇಲೆ ಯಾರ ಮಾತೂ ಕೇಳದ ವ್ಯಾಯಾಮದ ಚಾಪೆ. ಅದನ್ನೂ ಮೊಣಕಾಲು ಊರಿ ಸುತ್ತಿ ಅದರ ಚೀಲಕ್ಕೆ ತುರುಕಿದ್ದೇನೆ. ಈ ಮೇಜು ಇರುವಷ್ಟು ದಿನ ನಾನು ಈ ಮನೆಯಲ್ಲಿ ಡ್ಯೂಟಿಯ ಮೇಲಿದ್ದೇನೆ. ಅದು ಹೋದರೆ ಬಂದು ಉಳಿದ ನೆಂಟಳು. ಇದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಪೊಟ್ಟಣ ತಂದುಕೊಡುವವರೂ ಒಯ್ಯುವವರೂ ಒಬ್ಬರೇ, ಬಂಟ್ವಾಳದ ಕಡೆಯ ಬ್ಯಾರಿ ಡ್ರೈವರ್. ಗಡ್ಡದಲ್ಲಿ ಬಿಳಿ ಕೂದಲು ಬರತೊಡಗಿದೆ. ಇಳಿಹೊತ್ತಿನ ನಮಾಜು ಮುಗಿಸಿ ಮೂರೂ ಐವತ್ತಕ್ಕೆ ಸರಿಯಾಗಿ ನಮ್ಮ ಬೆಲ್ ಒತ್ತುತ್ತಾರೆ. ಮೊದಲ ದಿನವೇ ನಾನು ಕಟ್ಟಿದ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಂತ ಅಮ್ಮ, ಇದನ್ನು ಬಿಚ್ಚಲೇ ಇಲ್ವಾ ನೀವು?"

"ಬಿಚ್ಚಿ ಹಾಕಿ ನೋಡಿ ಪುನಃ ಕಟ್ಟಿದ್ದು."

"ಹೀಗೆ ಕಟ್ಟಿದ್ರೆ ಆಗುದಿಲ್ಲ ಮಾರ್ರೆ. ಹೊಸ ಮಾಲು ಅಂತ ಹೇಳಿ ಗೋದಾಮಿನವರು ತಿರುಗಿ ನಿಮಗೇ ಕಳಿಸ್ತಾರೆ. ನಾನು ಮೂರು ಮಾಳಿಗೆ ಪುನಃ ಹತ್ಬೇಕು."

ನನಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. ಆ ದಿನದಿಂದ ಅವರಿಗೆ ಮೇಜಿನ ಮೇಲೆ ಒಂದು ಲೋಟ ತಣ್ಣನೆಯ ಮಜ್ಜಿಗೆ ಇರುತ್ತದೆ, ನೋಟ್‌ಬುಕ್ಕಿನ ಬಲಕ್ಕೆ.

ಹೀಗೆ ಎರಡು ವರ್ಷ ನಡೆಯಿತು. ಈ ವರ್ಷ ಮೇ ತಿಂಗಳ ಒಂದು ಸೋಮವಾರ ಡ್ರೈವರ್ ಬೆಲ್ ಒತ್ತಿದಾಗ ಅವರ ಕೈಯಲ್ಲಿ ಒಂದು ಪೆಟ್ಟಿಗೆ ಇತ್ತು, ಮುಖದಲ್ಲಿ ನಗು ಇರಲಿಲ್ಲ. ಪೆಟ್ಟಿಗೆ ನನ್ನದು. ಅದರ ಮೇಲೆ ನನ್ನದೇ ಅಕ್ಷರ. ಟೇಪು ಮಾತ್ರ ಬೇರೆ ಯಾರದೋ, ಸೊಟ್ಟಕ್ಕೆ ಎಳೆದು ಅಂಟಿಸಿದ್ದು.

"ತಪ್ಪು ವಿಳಾಸಕ್ಕೆ ಬಂದಿರ್ಬೇಕು," ಎಂದೆ.

"ಇಲ್ಲ ಅಮ್ಮ. ಬಿಲ್ಡಿಂಗ್, ರೋಡ್, ಬ್ಲಾಕ್ ಎಲ್ಲ ನಿಮ್ದೇ. ತಿರುಗಿ ಕಳಿಸಿದ್ದಾರೆ. ನನಗೆ ಕೊಡ್ಲಿಕ್ಕೇ ಬೇಜಾರು ಆಯ್ತು."

ಮಜ್ಜಿಗೆ ಕುಡಿಯದೆ ಹೋದರು ಅವತ್ತು.

ಒಳಗೆ ಸೊಸೆ ಹಿಂದಕ್ಕೆ ಕಳಿಸಿದ್ದ ಬಿಳಿ ಕುರ್ತಾ ಇತ್ತು, ಮೇಲೆ ಒಂದು ಇಂಗ್ಲಿಷ್ ಚೀಟಿ. ಕನ್ನಡಕ ಹುಡುಕುವಷ್ಟರಲ್ಲಿ ಸ್ಕೂಲಿನಿಂದ ಬಂದಿದ್ದ ಮೊಮ್ಮಗಳು ಎತ್ತಿಕೊಂಡು ಓದಿದಳು. ಹದಿನಾಲ್ಕು ವರ್ಷ ಅವಳಿಗೆ, ಇಂಗ್ಲಿಷಿನಲ್ಲೇ ಯೋಚಿಸಿ ನನಗಾಗಿ ಕನ್ನಡ ಮಾಡಿ ಹೇಳುತ್ತಾಳೆ.

"ರಿಜೆಕ್ಟೆಡ್ ಅಂತೆ ಅಜ್ಜಿ. ಯೂಸ್ ಮಾಡಿದ ಬಟ್ಟೆ, ಸ್ಟೇನ್ ಇದೆ ಅಂತೆ. ಇನ್ನೊಂದ್ಸಲ ಹೀಗಾದ್ರೆ ಅಮ್ಮನ ಅಕೌಂಟ್‌ಗೆ ರಿಟರ್ನ್ಸ್ ಫುಲ್ ಕ್ಲೋಸ್."

"ಕಲೆಯಾ? ನಾನು ಕಟ್ಟಿದ ಬಟ್ಟೆಯಲ್ಲಿ ಕಲೆಯಾ? ಬಾ, ತೋರಿಸು."

ತೋರಿಸುವ ಕಷ್ಟ ಅವಳಿಗಿರಲಿಲ್ಲ. ಕುರ್ತಾದ ಅಂಚಿನ ಒಳಗಡೆ ಕೆಂಪು ಬಾಣದ ಒಂದು ಸ್ಟಿಕ್ಕರ್ ಅಂಟಿಸಿದ್ದರು. ಬಾಣದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಚುಕ್ಕೆ.

ನಾನು ಕುಳಿತುಕೊಂಡೆ. ಆ ಚುಕ್ಕೆ ನನಗೆ ಗೊತ್ತು. ಅದನ್ನು ಇಟ್ಟವಳೇ ನಾನು.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಮೈಗೆ ಹಾಕುವುದು ನಮ್ಮಲ್ಲಿ ಇಲ್ಲ. ನನ್ನ ತಾಯಿ ಹಚ್ಚುತ್ತಿದ್ದರು, ನಾನು ಹಚ್ಚುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ದೀಪ ಹಚ್ಚಿ, ಹಿಂದಿನ ದಿನ ಬಂದ ಹೊಸ ಬಟ್ಟೆಯನ್ನು ದೇವರ ಮುಂದೆ ಇಟ್ಟು, ಅಂಚಿನ ಒಳಗೆ ಯಾರಿಗೂ ಕಾಣದ ಹಾಗೆ ಒಂದು ಚುಕ್ಕೆ ಇಡುತ್ತೇನೆ. ಲೇಬಲ್ಲು ಕೀಳುವುದಿಲ್ಲ, ಮಡಿಕೆ ಕೆಡಿಸುವುದಿಲ್ಲ. ಸೊಸೆ ಹಾಕಿ ನೋಡುವುದು ಸಂಜೆ. ಹಾಕಿ ನೋಡುವುದೂ ಹಾಕುವುದೇ ತಾನೆ? ಅಂದ ಮೇಲೆ ಬಂದ ಮೂರಕ್ಕೂ ಚುಕ್ಕೆ ಬೇಕು. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎನ್ನುವುದು ನನ್ನ ಆ ಹೊತ್ತಿನ ಕೆಲಸವಲ್ಲ.

ಕಳಿಸಬೇಕಾದ ಬಟ್ಟೆಗೆ ಗುರುತು ಬಿದ್ದಿದೆ ಎಂದು ಎರಡು ವರ್ಷದಲ್ಲಿ ಒಮ್ಮೆಯೂ ನಿಮಗೆ ಹೊಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಆಸ್ಪತ್ರೆಯಲ್ಲಿ ಶುದ್ಧ ಮಾಡುವ ಪೊಟ್ಟಣಕ್ಕೆ ಒಂದು ಪಟ್ಟಿ ಅಂಟಿಸುತ್ತೇವೆ. ಹಬೆ ಸರಿಯಾಗಿ ತಾಗಿದರೆ ಆ ಪಟ್ಟಿಯಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ಕಂಡರೆ ಪೊಟ್ಟಣ ಶುದ್ಧ, ಕಾಣದಿದ್ದರೆ ಬಳಸುವಂತಿಲ್ಲ. ನನ್ನ ತಲೆಯಲ್ಲಿ ಅರಿಶಿನದ ಚುಕ್ಕೆಯೂ ಅಂಥದ್ದೇ. ಅದು ಇದ್ದರೆ ಬಟ್ಟೆ ಶುದ್ಧ. ಶುದ್ಧವಾಗಿದೆ ಎನ್ನುವ ಗುರುತನ್ನೇ ಜನ ಕೊಳೆ ಎಂದು ಓದಬಹುದು ಎನ್ನುವುದು ಈ ಅರವತ್ತಾರು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಇಷ್ಟು ದಿನ? ನೋಟ್‌ಬುಕ್ಕು ತೆಗೆದೆ. ಗಾಢ ನೀಲಿ, ಕಂದು, ಹಸಿರು, ಹೂವಿನ ಚಿತ್ತಾರ, ಪುನಃ ನೀಲಿ. ಚುಕ್ಕೆ ಎಲ್ಲದರಲ್ಲೂ ಹೋಗಿದೆ, ಯಾರ ಕಣ್ಣಿಗೂ ಬಿದ್ದಿಲ್ಲ. ಬಿಳಿಯದು ಇದೇ ಮೊದಲು. ಯಾವ ಊರಿನ ಯಾವ ಹೆಂಗಸರೋ ನಮ್ಮ ಮನೆಯ ದೇವರ ಮುಂದೆ ಅರಿಶಿನ ಹಚ್ಚಿಸಿಕೊಂಡು ಹೋದ ಅಂಗಿ ತೊಟ್ಟು ಮದುವೆಗೆ, ಆಫೀಸಿಗೆ, ಪರೀಕ್ಷೆಗೆ ಹೋಗಿರಬೇಕು. ಅವರಿಗೆಲ್ಲ ಒಳ್ಳೆಯದೇ ಆಗಿರಲಿ ಎಂದುಕೊಂಡೆ. ಬೇರೇನು ಮಾಡಲಿಕ್ಕಿದೆ?

"ಅಮ್ಮಂಗೆ ಈಗ ಹೇಳ್ಬೇಡ," ಎಂದೆ ಮೊಮ್ಮಗಳಿಗೆ. "ಎರಡು ದಿನ ತಡಿ."

"ಅಜ್ಜಿ! ಇದು ಕವರ್-ಅಪ್."

"ಸುಮ್ಮನೆ ಹೋಗಿ ಕೈಕಾಲು ತೊಳೆ."

ತಪ್ಪಾದರೆ ಅದೇ ಪಾಳಿಯಲ್ಲಿ ವರದಿ ಮಾಡಬೇಕು, ಮರುದಿನಕ್ಕೆ ಇಡಬಾರದು. ಇದನ್ನು ಎಷ್ಟೋ ಹೊಸ ನರ್ಸುಗಳಿಗೆ ನಾನೇ ನಿಲ್ಲಿಸಿ ಹೇಳಿದ್ದೇನೆ. ಆದರೆ ಅವತ್ತು ಹೇಳಲಾಗಲಿಲ್ಲ. ಕಾರಣ, ಮೇಜಿನ ಮೇಲೆ ಇನ್ನೊಂದು ಬಟ್ಟೆ ಕಾದಿತ್ತು. ಸೊಸೆ ಆಫೀಸಿಗೆಂದು ತರಿಸಿದ್ದ ಕೆನೆಬಣ್ಣದ ಕೋಟು, ಅಳತೆ ದೊಡ್ಡದಾದದ್ದು. ಬುಧವಾರ ಮೂರೂ ಐವತ್ತಕ್ಕೆ ಅದು ಹೋಗಬೇಕು, ಅದೇ ಕೊನೆಯ ತಾರೀಕು. ಅಂಚು ತಿರುಗಿಸಿ ನೋಡಿದೆ. ಚುಕ್ಕೆ ಅಲ್ಲಿತ್ತು, ಅಚ್ಚುಕಟ್ಟಾಗಿ. ಇದೂ ತಿರುಗಿ ಬಂದರೆ ಸೊಸೆಯ ಅಕೌಂಟಿಗೆ ಬಾಗಿಲು ಮುಚ್ಚುತ್ತದೆ, ಅದರ ಜೊತೆಗೆ ನನ್ನ ಮೇಜೂ ಮುಚ್ಚುತ್ತದೆ.

ಮಂಗಳವಾರ ಎಲ್ಲರೂ ಹೊರಟ ಮೇಲೆ ಕೋಟನ್ನು ಬಚ್ಚಲಿಗೆ ಒಯ್ದೆ. ಅಂಚನ್ನು ಮಾತ್ರ ಒದ್ದೆ ಮಾಡಿ ಸೋಪು ಉಜ್ಜಿದೆ. ಹಳದಿ ಚುಕ್ಕೆ ಕೆಂಪಾಯಿತು. ಅರಿಶಿನ ಸೋಪಿಗೆ ಕೆಂಪಾಗುತ್ತದೆ ಎನ್ನುವುದು ನನಗೆ ಗೊತ್ತಿರದ ಸಂಗತಿಯೇನಲ್ಲ, ಆದರೂ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಹಳದಿಯಾಗಿದ್ದಾಗ ಅದು ಅರಿಶಿನದ ಹಾಗೆ ಇತ್ತು, ಈಗ ರಕ್ತದ ಹಾಗೆ ಕಂಡಿತು. ನೀರು ಬಿಟ್ಟು ಬಿಟ್ಟು ತೊಳೆದ ಮೇಲೆ ತಿರುಗಿ ಹಳದಿಗೆ ಬಂತು. ಸ್ವಲ್ಪ ಅಗಲವೂ ಆಗಿತ್ತು.

ಉಳಿದದ್ದು ಬಿಸಿಲು. ಅರಿಶಿನದ ಕಲೆಗೆ ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ, ಬಹ್ರೇನ್‌ನಲ್ಲಿ ಬಿಸಿಲಿಗೆ ಬರವಿಲ್ಲ. ಕೋಟು, ನಾಲ್ಕು ಕ್ಲಿಪ್ಪು, ಒಂದು ಕೊಡೆ ಹಿಡಿದು ಮಹಡಿಯ ತಾರಸಿಗೆ ಹತ್ತಿದೆ. ನೀರಿನ ಟ್ಯಾಂಕುಗಳ ಸಾಲು, ಡಿಶ್‌ಗಳ ಸಾಲು, ಅವುಗಳ ನಡುವೆ ಯಾರೋ ಕಟ್ಟಿದ ಹಗ್ಗ. ಕೋಟಿನ ಅಂಚನ್ನು ತಿರುಗಿಸಿ ಸೂರ್ಯನಿಗೆ ನೇರ ಹಿಡಿದು ಸಿಕ್ಕಿಸಿದೆ. ಪಾರಿವಾಳಗಳ ಮೇಲೆ ನಂಬಿಕೆ ಇರಲಿಲ್ಲವಾದ್ದರಿಂದ ಟ್ಯಾಂಕಿನ ನೆರಳಿನಲ್ಲಿ ಕೊಡೆ ಹಿಡಿದು ಕಾವಲು ನಿಂತೆ. ಅರ್ಧ ಗಂಟೆಗೊಮ್ಮೆ ನೋಡುವುದು, ಬಿಸಿಲು ಸರಿದಂತೆ ಕೋಟನ್ನು ಸರಿಸುವುದು. ರೋಗಿಯ ಜ್ವರ ನೋಡುವ ಹಾಗೆ. ಒಂಬತ್ತೂವರೆಗೆ ಚುಕ್ಕೆ ತೆಳುವಾಯಿತು. ಹನ್ನೊಂದಕ್ಕೆ ಇದೆಯೋ ಇಲ್ಲವೋ ಎನ್ನುವ ಹಾಗಾಯಿತು. ಹನ್ನೊಂದೂವರೆಗೆ ಹೋಗಿಯೇ ಬಿಟ್ಟಿತು. ಕೊಡೆ ಮಡಚಿ, ಮೂವತ್ತರ ಹುಡುಗಿಯ ಹಾಗೆ ಮೆಟ್ಟಿಲಿಳಿದೆ.

ಬುಧವಾರ ಇಸ್ತ್ರಿ, ಮಡಿಕೆ, ಕಾಗದ, ಪೆಟ್ಟಿಗೆ, ಟೇಪು. ಸಿಸ್ಟರ್ ಬಂದು ನೋಡಿದ್ದರೂ ನನ್ನ ಕೈ ಕಾಣುತ್ತಿರಲಿಲ್ಲ. ಮೂರೂ ಐವತ್ತಕ್ಕೆ ಬೆಲ್ಲು.

"ಹೆದರಿಕೊಂಡೇ ಬಂದೆ ಅಮ್ಮ," ಎಂದರು ಡ್ರೈವರ್, ಮಜ್ಜಿಗೆ ಲೋಟ ಎತ್ತಿ. "ಇವತ್ತಿಂದು ಸರಿ ಉಂಟಲ್ಲಾ?"

"ಸರಿ ಉಂಟು."

"ಹಾಗಾದ್ರೆ ಇಲ್ಲೊಂದು ಸೈನ್."

ಅವರು ಫೋನನ್ನು ಮುಂದೆ ಹಿಡಿದರು. ಎರಡು ವರ್ಷದಿಂದ ಅದರ ಮೇಲೆ ಬೆರಳಿನಿಂದ ಗೀಚುತ್ತಿದ್ದೇನೆ. ಗೀಚುವ ಜಾಗದ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರುತ್ತದೆಂದು ಗೊತ್ತು, ಓದಿರಲಿಲ್ಲ. ಅವತ್ತು ಕನ್ನಡಕ ಕಣ್ಣಿನ ಮೇಲೆಯೇ ಇತ್ತು. ಈ ವಸ್ತುವನ್ನು ಬಳಸಿಲ್ಲ, ಒಗೆದಿಲ್ಲ, ಬದಲಾಯಿಸಿಲ್ಲ ಎಂದು ನಾನು ದೃಢಪಡಿಸುತ್ತೇನೆ, ಎಂದಿತ್ತು ಇಂಗ್ಲಿಷಿನಲ್ಲಿ.

ಬೆರಳು ನಿಂತಿತು.

"ಎಂತ ಆಯ್ತು ಅಮ್ಮ? ನೆಟ್‌ವರ್ಕ್ ಉಂಟು, ಬರೀರಿ."

"ಇದರಲ್ಲಿ ಒಗೆದಿಲ್ಲ ಅಂತ ಬರೆದುಂಟು."

"ಅದು ಎಲ್ಲರಿಗೂ ಬರುದು. ಅದನ್ನು ಓದುವವರು ಈ ಬಹ್ರೇನ್‌ನಲ್ಲೇ ಯಾರಿಲ್ಲ."

"ನಾನು ಓದಿದೆ ಅಲ್ವಾ ಈಗ."

ಆಸ್ಪತ್ರೆಯಲ್ಲಿ ಪ್ರತಿ ಪೊಟ್ಟಣದ ಮೇಲೂ ಕಟ್ಟಿದವರ ಸಹಿ ಇರುತ್ತಿತ್ತು. ಒಳಗಿನದು ಕಣ್ಣಿಗೆ ಎಷ್ಟೇ ಶುಭ್ರ ಕಂಡರೂ, ಒಮ್ಮೆ ಒದ್ದೆಯಾದ ಪೊಟ್ಟಣಕ್ಕೆ ಸಹಿ ಹಾಕುವಂತಿರಲಿಲ್ಲ. ಹಾಕಿದವಳನ್ನು ನಾನೇ ಆ ವಿಭಾಗದಿಂದ ಬೇರೆ ಕಡೆಗೆ ಕಳಿಸಿದ್ದೇನೆ. ಪೆಟ್ಟಿಗೆಯನ್ನು ಮೇಜಿನ ಮೇಲಿನಿಂದ ಹಿಂದಕ್ಕೆ ಎಳೆದುಕೊಂಡೆ.

"ಇದು ಹೋಗುದಿಲ್ಲ. ಇದರ ಮೂಲೆ ತೊಳೆದಿದ್ದೇನೆ. ಅರಸಿನ ಹಚ್ಚಿದ್ದು ಹೋಗ್ಲಿಕ್ಕೆ."

"ಅರಸಿನವಾ? ಮಾರುವವರ ಬಟ್ಟೆಗಾ?"

"ಹೊಸ ಬಟ್ಟೆ ಅಲ್ವಾ ಮಾರ್ರೆ. ನಿಮ್ಮಲ್ಲಿ ಎಂತ ಮಾಡ್ತೀರಿ ಹೊಸತು ಹಾಕುವಾಗ?"

"ನಾವು ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿ ಹಾಕ್ತೇವೆ." ಅವರು ಲೋಟ ಕೆಳಗಿಟ್ಟು, ನಗು ತಡೆಯಲು ನೋಡಿ, ಆಗದೆ ಬಿಟ್ಟರು. "ಬಿಸ್ಮಿಯಿಂದ ಕಲೆ ಆಗುದಿಲ್ಲ ಅಮ್ಮ. ಗೋದಾಮಿನವರಿಗೆ ಗೊತ್ತೂ ಆಗುದಿಲ್ಲ."

ನನಗೂ ನಗು ಬಂತು. ಗಿರಾಕಿ ಮನಸ್ಸು ಬದಲಾಯಿಸಿದ್ದಾರೆ ಎಂಬ ಗುಂಡಿ ಒತ್ತುತ್ತೇನೆ, ಆಗಬಹುದಾ ಎಂದು ಕೇಳಿದರು. ಅದು ನಿಜವೇ, ಒತ್ತಿ ಎಂದೆ. "ಯಲ್ಲಾ ಅಮ್ಮ, ಹೊರಟೆ, ಇನ್ನು ಬುದಯ್ಯದ ಕಡೆ ಪೊಟ್ಟಣ ಕೊಡ್ಲಿಕ್ಕುಂಟು," ಎಂದು ಮೆಟ್ಟಿಲಿಳಿಯುವಾಗಲೂ ಅವರು ನಗುವುದು ಕೇಳಿಸುತ್ತಿತ್ತು.

ಸೊಸೆ ಬರುವುದು ಐದೂವರೆಗೆ. ನನಗೆ ಒಂದೂವರೆ ಗಂಟೆ ಇತ್ತು. ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಗೆರೆ ಎಳೆದು, ಆಸ್ಪತ್ರೆಯಲ್ಲಿ ಬರೆಯುತ್ತಿದ್ದ ಹಾಗೆಯೇ ಒಂದು ವರದಿ ಬರೆದೆ. ಘಟನೆ ಏನು, ಯಾವಾಗ, ಯಾರಿಂದ, ಯಾವ ಕಾರಣಕ್ಕೆ, ವರದಿ ತಡವಾದದ್ದು ಏಕೆ. ಕೊನೆಯ ಅಂಕಣ ಮುಂದಿನ ಕ್ರಮ. ಅದನ್ನು ಖಾಲಿ ಬಿಟ್ಟೆ. ಅದನ್ನು ತಪ್ಪು ಮಾಡಿದವರು ತುಂಬುವಂತಿಲ್ಲ.

ಸೊಸೆ ಚಹಾ ಮುಗಿಸಿದ ಮೇಲೆ ಹಾಳೆಯನ್ನು ಅವಳ ಮುಂದಿಟ್ಟೆ. ಮೊಮ್ಮಗಳು ಯಾವ ಪಾಠ ಬಿಟ್ಟು ಬಂದಳೋ, ಬಾಗಿಲ ಬಳಿ ನಿಂತಿದ್ದಳು.

"ಏನತ್ತೆ ಇದು? 'ಮೇಲೆ ಹೇಳಿದ ಸಿಬ್ಬಂದಿಯು ದಿನಾಂಕ...' ಸಿಬ್ಬಂದಿ ಅಂದ್ರೆ ಯಾರು?"

"ನಾನು. ಓದು."

ಓದುತ್ತಾ ಓದುತ್ತಾ ಅವಳ ಮುಖ ಬದಲಾಯಿತು. ಫೋನು ತೆಗೆದು ಏನನ್ನೋ ಹುಡುಕಿದಳು. ಕಂಪನಿಯ ಪತ್ರ ಅಲ್ಲೂ ಬಂದಿತ್ತು, ಆಫೀಸಿನ ಗಡಿಬಿಡಿಯಲ್ಲಿ ಅವಳು ನೋಡಿರಲಿಲ್ಲ.

"ಸೋಮವಾರನೇ ಬಂದಿದೆಯಲ್ಲ ಅತ್ತೆ ಇದು. ಯಾಕೆ ನಂಗೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ನಾನು ಅವ್ರ ಹತ್ರ ಮಾತಾಡ್ತಿದ್ದೆ."

ವರದಿಯಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆದಿದ್ದೆ. ಅದು ಸಾಲದೆಂದು ಈಗ ಗೊತ್ತಾಯಿತು.

"ಮೇಜು ತೆಗೀತಿಯೇನೋ ಅಂತ ಹೆದರಿಕೆ ಆಯ್ತು ಮಗಾ. ಅದು ಬಿಟ್ರೆ ಈ ಮನೆಯಲ್ಲಿ ನನಗೆ ಬೇರೆ ಎಂತ ಕೆಲಸ ಉಂಟು?"

ಅವಳು ಬಾಗಿಲ ಕಡೆಗೆ, ಮೇಜಿನ ಕಡೆಗೆ ನೋಡಿದಳು. ಆಮೇಲೆ ಲೆಕ್ಕ ಪರಿಶೋಧನೆಯವರು ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಎಷ್ಟು ಬಟ್ಟೆಗೆ ಹಚ್ಚಿದ್ದೀರಿ?"

"ಎಲ್ಲದಕ್ಕೂ."

"ಎಲ್ಲದಕ್ಕೂ ಅಂದ್ರೆ, ಈ ಆರ್ಡರ್‌ದು?"

"ಎರಡು ವರ್ಷದ್ದು."

"ನಾನು ಇಟ್ಕೊಂಡಿರೋದಕ್ಕೂ?"

"ಅದಕ್ಕೆ ಹಚ್ಚದೆ ಇರ್ಲಿಕ್ಕೆ ಆಗ್ತದಾ?"

ಅವಳು ಎದ್ದು ಒಳಗೆ ಹೋದಳು. ಬೀರು ತೆರೆಯುವ ಸದ್ದು, ಹ್ಯಾಂಗರುಗಳ ಸದ್ದು. ನಾನೂ ಮೊಮ್ಮಗಳೂ ಮುಖ ಮುಖ ನೋಡಿಕೊಂಡೆವು. ಒಂದು ರಾಶಿ ಬಟ್ಟೆ ಹೊತ್ತು ಬಂದು ಸೋಫಾದ ಮೇಲೆ ಹಾಕಿ, ಒಂದೊಂದರ ಅಂಚನ್ನೂ ತಿರುಗಿಸಿ ನೋಡತೊಡಗಿದಳು. ತಿಳಿ ಗುಲಾಬಿಯದರಲ್ಲಿ ಮಾಸಿದ ಚುಕ್ಕೆ. ಬೂದು ಬಣ್ಣದ್ದರಲ್ಲಿ ಚುಕ್ಕೆ. ಆಕಾಶನೀಲಿಯದರಲ್ಲಿ ಹಸಿರಾಗಿ ಕಾಣುವ ಚುಕ್ಕೆ.

"ಅತ್ತೆ!" ಎಂದಳು. "ಇದು ಸಾಂಬಾರ್ ಅನ್ಕೊಂಡಿದ್ದೆ ನಾನು! ಟಿಫಿನ್ ಬಾಕ್ಸ್ ಲೀಕ್ ಆಗುತ್ತೆ ಅಂತ ನಾಲ್ಕು ಬಾಕ್ಸ್ ಚೇಂಜ್ ಮಾಡಿದ್ದೀನಿ!"

"ಆ ನಾಲ್ಕು ಬಾಕ್ಸ್‌ನಲ್ಲಿ ಮೂರನ್ನು ರಿಟರ್ನ್ ಮಾಡಿದ್ದು ಅಜ್ಜಿನೇ," ಎಂದಳು ಮೊಮ್ಮಗಳು.

ಅಲ್ಲಿಗೆ ಮುಗಿಯಿತು. ಸೊಸೆ ಸೋಫಾದ ಮೇಲೆ ಬಟ್ಟೆ ರಾಶಿಯಲ್ಲೇ ಕುಸಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ಡಬ್ಬಿಗಳಿಗೆ ನಾನು ನೀರು ತುಂಬಿ ತಲೆಕೆಳಗು ಮಾಡಿ ಪರೀಕ್ಷಿಸಿದ್ದೆ. ಒಂದೂ ಸೋರುತ್ತಿರಲಿಲ್ಲ. ಆಗಲೇ ಹೇಳಬೇಕೆಂದಿದ್ದೆ, ಅದು ನನ್ನ ವಿಭಾಗಕ್ಕೆ ಸೇರಿದ ವಿಷಯವಲ್ಲವೆಂದು ಸುಮ್ಮನಿದ್ದೆ.

ಕಣ್ಣೊರೆಸಿಕೊಂಡು ಅವಳು ಹಾಳೆಯನ್ನು ಮತ್ತೆ ಎತ್ತಿಕೊಂಡಳು.

"ಇಲ್ಲೊಂದು ಖಾಲಿ ಇದೆಯಲ್ಲ. ಮುಂದಿನ ಕ್ರಮ."

"ಅದನ್ನು ಇನ್‌ಚಾರ್ಜ್ ತುಂಬಬೇಕು."

"ಇನ್‌ಚಾರ್ಜ್ ಯಾರು?"

"ಅಕೌಂಟ್ ಯಾರ ಹೆಸರಿನಲ್ಲಿ ಉಂಟೋ ಅವರು."

ಅವಳು ಪೆನ್ನು ತೆಗೆದುಕೊಂಡು ಎರಡು ಸಾಲು ಬರೆದಳು. ಕೆಲಸದಲ್ಲಿ ಕನ್ನಡ ಬರೆಯುವ ಅಭ್ಯಾಸ ತಪ್ಪಿದವಳು, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಮೊದಲನೆಯದು, ಮೇಜು ಮುಂದುವರಿಯುವುದು. ಎರಡನೆಯದು, ಅರಿಶಿನ ನಿಲ್ಲುವುದು.

ಮೊದಲನೆಯ ಸಾಲನ್ನು ನಾನು ಮೂರು ಸಲ ಓದಿದೆ. ಎರಡನೆಯದನ್ನು ಒಂದೇ ಸಲ.

"ಇದು ಆಗುದಿಲ್ಲ," ಎಂದೆ.

"ಅತ್ತೆ, ಇನ್‌ಚಾರ್ಜ್ ಬರೆದಿದ್ದು!"

"ಇನ್‌ಚಾರ್ಜ್ ಬರೆದರೂ ಸರಿಯಾ? ಅರಸಿನ ಹಚ್ಚದ ಬಟ್ಟೆ ಮೈಗೆ ಹಾಕಿ ನೀನು ಕಾರು ಓಡಿಸಿಕೊಂಡು ಹೋಗುದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಹಾಗಾದ್ರೆ ಇಟ್ಕೊಳ್ಳೋದು ಯಾವ್ದು ಅಂತ ಗೊತ್ತಾದ ಮೇಲೆ ಹಚ್ಚಿ."

"ಅಷ್ಟರೊಳಗೆ ನೀನು ಮೂರನ್ನೂ ಹಾಕಿ ನೋಡಿರ್ತಿಯಲ್ಲ?"

ರಾತ್ರಿ ಊಟದ ತನಕ ಈ ಚರ್ಚೆ ನಡೆಯಿತು. ಮಗ ಬಂದು ಎರಡೂ ಕಡೆ ಕೇಳಿ, ತನಗೆ ಕತ್ತರಿಯ ಜಾಗವೇ ಸರಿಯಾಗಿ ಗೊತ್ತಿಲ್ಲ, ಇದರಲ್ಲಿ ಏನು ಹೇಳಲಿ ಎಂದು ತಟ್ಟೆ ಎಳೆದುಕೊಂಡ.

ದಾರಿ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ದೀಪ ಹಚ್ಚುವಾಗ. ದೇವರ ಮುಂದೆ ಬಟ್ಟೆ ಇರಲಿಲ್ಲ. ಆದರೂ ಬೆರಳು ಅಭ್ಯಾಸದಿಂದ ಅರಿಶಿನದ ಬಟ್ಟಲಿಗೆ ಹೋಯಿತು. ಬೆರಳ ತುದಿಯಲ್ಲಿ ಅರಿಶಿನ, ಹಚ್ಚಲು ಏನೂ ಇಲ್ಲ. ಹಾಗೆ ಕೈ ಎತ್ತಿಕೊಂಡು ಕುಳಿತಾಗ, ಹದಿನೆಂಟು ವರ್ಷ ನಾನೇ ಪ್ರತಿ ಹೊಸ ನರ್ಸಿಗೂ ಮೊದಲ ದಿನ ಹೇಳುತ್ತಿದ್ದ ಮಾತು ನೆನಪಾಯಿತು. ಪಟ್ಟಿ ಪೊಟ್ಟಣದ ಹೊರಗೆ. ಕತ್ತರಿಗೆ ಯಾರೂ ಪಟ್ಟಿ ಅಂಟಿಸುವು​ದಿಲ್ಲ. ಪೊಟ್ಟಣದ ಮೇಲೆ ಅಂಟಿಸಿದರೆ ಒಳಗಿರುವುದಕ್ಕೆಲ್ಲ ಅದು ಸಲ್ಲುತ್ತದೆ.

ಎಂಟು ಗಂಟೆಗೆ ಸೊಸೆಗೆ ಫೋನು ಮಾಡಿ ತಿಳಿಸಿದೆ. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿತ್ತಂತೆ. "ಅಪ್ರೂವ್ಡ್ ಅತ್ತೆ," ಎಂದು ಪಿಸುಗುಟ್ಟಿ ಇಟ್ಟಳು.

ಈಗ ಪೆಟ್ಟಿಗೆ ಬಂದರೆ ಬಿಚ್ಚುವ ಮೊದಲೇ ದೇವರ ಮುಂದೆ ಇಟ್ಟು, ಅದರ ಮೂಲೆಗೆ ಒಂದು ಚುಕ್ಕೆ. ಒಳಗಿರುವ ಮೂರು ಅಳತೆಗೂ ಅದು ಸಾಕು. ಸೊಸೆ ನಿಶ್ಚಿಂತೆಯಿಂದ ಹಾಕಿ ನೋಡುತ್ತಾಳೆ. ಬಿಳಿ ಕುರ್ತಾ ಮೊಮ್ಮಗಳ ಪಾಲಾಯಿತು. ಕೆನೆಬಣ್ಣದ ಕೋಟು ಅಳತೆಗೆ ನನಗೇ ಸರಿಯಾಯಿತು. ಜೀವಮಾನದಲ್ಲಿ ಕೋಟು ತೊಟ್ಟವಳಲ್ಲ, ಆದರೆ ಇಲ್ಲಿಯ ಮಾಲ್‌ಗಳ ಎಸಿಗೆ ಅದು ಒಳ್ಳೆಯ ಉಡುಪು. ಅರಿಶಿನ ಆಗಲೇ ಹಚ್ಚಿ ಆಗಿತ್ತು, ಬಿಸಿಲಿಗೆ ಹೋದದ್ದು ಲೆಕ್ಕಕ್ಕಿಲ್ಲ.

ಮುಂದಿನ ವಾರ ಡ್ರೈವರ್ ಬಂದಾಗ ಒಯ್ಯಲು ಒಂದು ಪೆಟ್ಟಿಗೆ ಸಿದ್ಧವಿತ್ತು. ಕೈಗೆತ್ತಿಕೊಂಡವರು ಮೂಲೆಯನ್ನು ನೋಡಿದರು.

"ಇದೆಂತ ಅಮ್ಮ, ಪುನಃ ಅರಸಿನ? ಗೋದಾಮಿನವರು ಕೇಳಿದ್ರೆ?"

"ಕೇಳ್ಲಿ. ತಿರುಗಿ ಕೊಡುದು ಒಳಗಿನ ಬಟ್ಟೆ, ಪೆಟ್ಟಿಗೆ ಅಲ್ಲ."

"ಅದೂ ಹೌದು." ಫೋನನ್ನು ನನ್ನ ಮುಂದೆ ಹಿಡಿದರು. ನಾನು ಕನ್ನಡಕ ಮೂಗಿಗೇರಿಸಿ ಎರಡು ಸಾಲನ್ನೂ ಮೊದಲಿನಿಂದ ಓದಲು ಶುರುಮಾಡಿದೆ. ಬಳಸಿಲ್ಲ. ಒಗೆದಿಲ್ಲ. ಅವರು ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು ಮಜ್ಜಿಗೆಯ ಲೋಟ ಎತ್ತಿಕೊಂಡು ಗೋಡೆಗೆ ಒರಗಿದರು.

"ಓದಿ ಅಮ್ಮ, ಓದಿ. ಬುದಯ್ಯ ಎಲ್ಲಿಗೂ ಹೋಗುದಿಲ್ಲ."